ಆ ‘ಬೇಡ’ದ ಹಿಂದೆ ಏನಿತ್ತು?

ನಾನು ಜನಾಭಿಪ್ರಾಯ ಸಮೀಕ್ಷೆಗಳಿಗೆ ಪ್ರಶ್ನೆ ಬರೆಯುತ್ತೇನೆ. ವಿದೇಶಾಂಗ ನೀತಿ ಬಗ್ಗೆ ಮೊದಲ ಸಲ ಬರೆದಾಗ ಒಂದೇ ಸಾಲು ಸಾಕು ಅಂದುಕೊಂಡಿದ್ದೆ: ‘ಮಿತ್ರದೇಶದ ಮೇಲೆ ದಾಳಿಯಾದರೆ ನಾವು ಸೇನೆ ಕಳಿಸಬೇಕೇ?’ ಪರೀಕ್ಷೆಗೆ ಅಂತ ನಾನೇ ಕೆಲವರಿಗೆ ಫೋನ್ ಮಾಡಿದೆ. ಒಬ್ಬ ಹಿರಿಯ ಮಹಿಳೆ ನನ್ನನ್ನೇ ಕೇಳಿದರು, ‘ಯಾವ ದೇಶ? ದಾಳಿ ಮಾಡಿದ್ದು ಯಾರು? ಬೇರೆಯವರೂ ಬರ್ತಾರಾ, ನಾವೊಬ್ಬರೇನಾ?’ ಅದನ್ನೆಲ್ಲ ಹೇಳೋ ಹಾಗಿಲ್ಲ, ಹೌದು ಅಥವಾ ಬೇಡ ಅನ್ನಿ ಅಂದೆ. ‘ಹಾಗಾದ್ರೆ ಬೇಡ ಅಂತ ಬರ್ಕೊಳ್ಳಿ.’

ಬರೆದುಕೊಂಡೆ. ಆದರೆ ಮನಸ್ಸು ಒಪ್ಪಲಿಲ್ಲ. ಅವರು ಕೇಳಿದ ಮೂರೂ ಸರಿಯಾದ ಪ್ರಶ್ನೆಗಳೇ ಅಲ್ವಾ?

ಆಮೇಲೆ ಅಮೆರಿಕ, ಯುರೋಪಿನ ದೇಶಗಳ ಸೇನಾ ಮೈತ್ರಿಕೂಟವಾದ ನ್ಯಾಟೋದ ಒಪ್ಪಂದದ 5ನೇ ವಿಧಿ ತೆಗೆದು ಓದಿದೆ. ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಅನ್ನುತ್ತದೆ ನಿಜ, ಆದರೆ ಪ್ರತಿ ದೇಶವೂ ತನಗೆ ಅಗತ್ಯ ಅನ್ನಿಸಿದ ಕ್ರಮ ತೆಗೆದುಕೊಳ್ಳಬೇಕು ಅಂತಷ್ಟೇ ಇದೆ, ಸೇನೆ ಬಳಸುವುದು ಅದರಲ್ಲಿ ಒಂದು ದಾರಿ. ಒಪ್ಪಂದವೇ ಬಿಟ್ಟುಕೊಟ್ಟ ಜಾಗವನ್ನು ನನ್ನ ಪ್ರಶ್ನೆ ಮುಚ್ಚಿಬಿಟ್ಟಿತ್ತು.

ಸ್ಪೇನ್‌ನ 1986ರ ಜನಮತಗಣನೆ ನನಗೆ ಜಾಸ್ತಿ ಕಲಿಸಿತು. ನ್ಯಾಟೋದಲ್ಲಿ ಉಳಿಯಬೇಕೇ ಅಂತ ಸುಮ್ನೆ ಕೇಳಲಿಲ್ಲ. ನ್ಯಾಟೋದ ಜಂಟಿ ಸೇನಾ ಕಮಾಂಡ್‌ಗೆ ಸೇರುವುದಿಲ್ಲ, ಅಣ್ವಸ್ತ್ರ ಇಡಲು ಬಿಡುವುದಿಲ್ಲ, ಸ್ಪೇನ್‌ನಲ್ಲಿರುವ ಅಮೆರಿಕದ ಸೇನೆಯನ್ನು ಹಂತಹಂತವಾಗಿ ಕಡಿಮೆ ಮಾಡುತ್ತೇವೆ ಅನ್ನುವ ಮೂರು ಷರತ್ತುಗಳನ್ನೂ ಮತಪತ್ರದಲ್ಲೇ ಹಾಕಿದ್ದರು. ಉಳಿಯುವ ಪಕ್ಷವೇ ಗೆದ್ದಿತು. ಷರತ್ತು ಕಾಣದೆ ಜನ ಹೌದು ಅನ್ನುವುದು ಕಷ್ಟ, ಅದು ಅವರ ತಪ್ಪೂ ಅಲ್ಲ.

ಈಗ ನಾನು ಮಿತ್ರದೇಶದ ಹೆಸರು ಹೇಳಿಯೇ ಕೇಳುತ್ತೇನೆ. ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಒಪ್ಪಂದದ ವಿಷಯ ತಿಳಿಸುತ್ತೇನೆ, ಇನ್ನೊಂದಕ್ಕೆ ತಿಳಿಸುವುದಿಲ್ಲ. ಫೋನ್ ಮಾಡಿದ ದಿನಾಂಕ ವರದಿಯ ಮೊದಲ ಸಾಲಿನಲ್ಲೇ ಇರಬೇಕು, ಇದರಲ್ಲಿ ನಾನು ಹಟ ಬಿಡುವುದಿಲ್ಲ. ಫಿನ್ಲೆಂಡ್‌ನಲ್ಲಿ ನ್ಯಾಟೋ ಬೇಕು ಅನ್ನುವವರು ವರ್ಷಗಟ್ಟಲೆ ಅಲ್ಪಸಂಖ್ಯಾತರಾಗಿದ್ದರು. 2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನ್‌ಗೆ ನುಗ್ಗಿದ ಮೇಲೆ ಕೆಲವೇ ವಾರಗಳಲ್ಲಿ ಅವರೇ ಬಹುಮತವಾದರು, 2023ರ ಏಪ್ರಿಲ್‌ನಲ್ಲಿ ದೇಶ ನ್ಯಾಟೋ ಸೇರಿತು.

ಸೇನೆ ಬೇಡ ಅಂದವರಿಗೆ ‘ಮತ್ತೆ ಏನು ಕೊಡಬಹುದು?’ ಅಂತ ಕೇಳಿ ಸುಮ್ಮನಾಗುತ್ತೇನೆ. ಆಸ್ಪತ್ರೆ ಸಾಮಾನು, ದುಡ್ಡು, ಓಡಿಬಂದವರಿಗೆ ಜಾಗ, ಕೆಲವರು ಶಸ್ತ್ರಾಸ್ತ್ರವನ್ನೂ ಹೇಳುತ್ತಾರೆ. ನನ್ನ ಮೊದಲ ಪ್ರಶ್ನೆಯಲ್ಲಿ ಇವರೆಲ್ಲರೂ ಬರೀ ‘ಬೇಡ’ ಆಗಿಬಿಡುತ್ತಿದ್ದರು.