ಬೋಗುಣಿಯಿಂದ ದೋಣಿಗೆ: ನನ್ನ ತೈಲವರ್ಣದ ಕೆಲಸ

ದೋಣಿಯೆಂದರೆ ನೀರಿನ ಮೇಲಿಟ್ಟ ಬೋಗುಣಿ ಎಂದುಕೊಂಡೇ ನಾನು ಕೆಲಸ ಶುರುಮಾಡುವುದು. ಎರಡರಲ್ಲೂ ಚಿತ್ರ ಕೈಕೊಡುವ ಜಾಗಗಳು ಅವೇ: ಬಾಯಿಯಂಚಿನ ಬಾಗು, ಒಳಗಿನ ನೆರಳು, ತಳ ಊರಿದ ಗೆರೆ. ಅದಕ್ಕೇ ದೋಣಿಗೆ ಕೈಹಾಕುವ ಮೊದಲು ಬಿಳಿ ಬಟ್ಟೆಯ ಮೇಲೆ ಬಿಳಿ ಬೋಗುಣಿ ಇಟ್ಟು ಒಂದು ಸಣ್ಣ ಸ್ಟಿಲ್ ಲೈಫ್ (ಜೋಡಿಸಿಟ್ಟ ವಸ್ತುಗಳ ಚಿತ್ರ) ಮಾಡಿಕೊಳ್ಳುತ್ತೇನೆ. ಬೆಳಕು ಒಂದೇ ಕಡೆಯಿಂದ ಓರೆಯಾಗಿ ಬೀಳಬೇಕು. ಉಳಿದ ಬೆಳಕನ್ನು ರಟ್ಟು ನಿಲ್ಲಿಸಿ ತಡೆಯುತ್ತೇನೆ. ಎರಡು ಕಡೆಯಿಂದ ಬೆಳಕು ಬಿದ್ದರೆ ಎರಡು ನೆರಳು ಹುಟ್ಟುತ್ತವೆ, ಆಕಾರ ಚಪ್ಪಟೆಯಾಗುತ್ತದೆ. ಹೂವು, ಕತ್ತರಿಸಿದ ಹಣ್ಣು ಇದ್ದರೆ ಅವನ್ನೇ ಮೊದಲು ಮುಗಿಸಬೇಕು. ತಾಮ್ರದ ಚೊಂಬು ನಾಳೆಯೂ ಹಾಗೇ ಇರುತ್ತದೆ.

16×20 ಇಂಚಿನ ಕ್ಯಾನ್ವಾಸಿಗೆ ಗೆಸ್ಸೊ, ಅಂದರೆ ಬಿಳಿ ತಳಬಣ್ಣ, ಮೂರು ಕೋಟು ಬಳಿಯುತ್ತೇನೆ, ಒಂದು ಅಡ್ಡಕ್ಕೆ, ಮುಂದಿನದು ಉದ್ದಕ್ಕೆ. ಪ್ರತಿ ಕೋಟು ಒಣಗಿದ ಮೇಲೆ 220ನೇ ನಂಬರಿನ ಸ್ಯಾಂಡ್ ಪೇಪರಿನಿಂದ ಹಗುರವಾಗಿ ಉಜ್ಜಬೇಕು. ಬಿಳಿ ನೆಲದ ಮೇಲೆ ಯಾವ ಬಣ್ಣ ಇಟ್ಟರೂ ಕಪ್ಪಗೆ ಕಂಡು ಅಂದಾಜು ತಪ್ಪುತ್ತದೆ. ಹಾಗಾಗಿ ಟರ್ಪಂಟೈನಿನಲ್ಲಿ ತೆಳುವಾಗಿಸಿದ ರಾ ಅಂಬರ್ ಎಂಬ ಕಂದು ಬಣ್ಣ ಬಳಿದು, ಬಟ್ಟೆಯಿಂದ ಒರೆಸಿ, ನಡುಮಟ್ಟದ ಕಂದು ಛಾಯೆಗೆ ತರುತ್ತೇನೆ. ಅಂಬರಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಬೇಗ ಒಣಗುತ್ತದೆ.

ಹೆಚ್ಚು ಹೊತ್ತು ಹೋಗುವುದು ರೇಖೆಗೆ. ದೋಣಿಯನ್ನು ಮೊದಲು ಓರೆಯಾಗಿಟ್ಟ ಪೆಟ್ಟಿಗೆಯಾಗಿ ಬರೆದು, ಮೂತಿಯಿಂದ ಹಿಂಬದಿಗೆ ನಡುಗೆರೆ ಎಳೆಯುತ್ತೇನೆ. ಅದಕ್ಕೆ ಅಡ್ಡಲಾಗಿ ಮೂರು ಕಡೆ ಅಗಲ ಗುರುತಿಸಿ, ಆಮೇಲಷ್ಟೇ ಅಂಚಿನ ಬಾಗು. ಹತ್ತಿರದ ಅಂಚಿನ ಬಾಗನ್ನೇ ಆಚೆಯ ಅಂಚಿಗೂ ನಕಲು ಮಾಡುವುದು ಎಲ್ಲರೂ ಮಾಡುವ ತಪ್ಪು. ಓರೆಯಿಂದ ನೋಡಿದಾಗ ಆ ಎರಡು ಗೆರೆಗಳು ಬೇರೆಬೇರೆಯಾಗಿಯೇ ಬಾಗುತ್ತವೆ. ದೋಣಿಯನ್ನು ಬಿಟ್ಟು ಅದರ ಸುತ್ತಲಿನ ಖಾಲಿ ಜಾಗದ ಆಕಾರ ನೋಡಿದರೆ ತಪ್ಪು ತಾನಾಗಿ ಎದ್ದು ಕಾಣುತ್ತದೆ. ಕನ್ನಡಿಯಲ್ಲಿ ಚಿತ್ರವನ್ನು ತಿರುವಿ ನೋಡುವುದನ್ನಂತೂ ನಾನು ಬಿಡುವುದಿಲ್ಲ.

ಬಣ್ಣ ಕಡಿಮೆ ಇದ್ದಷ್ಟೂ ಒಳ್ಳೆಯದು: ಟೈಟೇನಿಯಂ ವೈಟ್, ಅಲ್ಟ್ರಾಮರೀನ್ (ಗಾಢ ನೀಲಿ), ಬರ್ನ್ಟ್ ಸಿಯೆನ್ನಾ (ಕೆಂಪು ಕಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ), ಒಂದು ಕ್ಯಾಡ್ಮಿಯಂ ಕೆಂಪು. ಅಲ್ಟ್ರಾಮರೀನಿಗೆ ಬರ್ನ್ಟ್ ಸಿಯೆನ್ನಾ ಬೆರೆಸಿದರೆ ಕಪ್ಪಿಗೆ ಹತ್ತಿರದ ಗಾಢ ಬಣ್ಣ ಬರುತ್ತದೆ. ಟ್ಯೂಬಿನ ಕಪ್ಪು ಬೇಕಾಗುವುದೇ ಇಲ್ಲ. ಆ ಬೆರಕೆಗೇ ಬಿಳಿ ಸೇರಿಸುತ್ತ ಹೋದರೆ ಬಿಳಿ ದೋಣಿಯ ನೆರಳಿನ ಮಗ್ಗುಲಿಗೆ ಬೇಕಾದ ಬೂದುಗಳೆಲ್ಲ ಸಿಗುತ್ತವೆ. ಆ ಮಗ್ಗುಲು ಬಿಳಿಯಲ್ಲ. ಆಕಾಶದ ಕಡೆ ಮುಖಮಾಡಿದ ಭಾಗ ನೀಲಿ ಬೂದು, ನೀರಿನಿಂದ ಬೆಳಕು ಪುಟಿದು ಬೀಳುವ ಕೆಳಭಾಗ ಸ್ವಲ್ಪ ತಿಳಿ. ಅಪ್ಪಟ ಬಿಳಿಯನ್ನು ಬಿಸಿಲು ತಾಗಿದ ಒಂದೆರಡು ಕಡೆಗಷ್ಟೇ ಉಳಿಸಿಕೊಳ್ಳಬೇಕು. ಬಿಳಿ ಬೋಗುಣಿ ಕಲಿಸುವುದೂ ಇದನ್ನೇ.

ಬಣ್ಣ ತೆಳುವಾಗಿಸಲು ಮೊದಲ ಪದರಕ್ಕೆ ಟರ್ಪಂಟೈನ್ ಮಾತ್ರ. ಎರಡನೆಯದಕ್ಕೆ ಒಂದು ಪಾಲು ಅಗಸೆ ಎಣ್ಣೆ, ಮೂರು ಪಾಲು ಟರ್ಪಂಟೈನ್, ಕೊನೆಯದಕ್ಕೆ ಸಮಪಾಲು. ಈ ಕ್ರಮ ತಲೆಕೆಳಗಾದರೆ, ಅಂದರೆ ಎಣ್ಣೆ ಹೆಚ್ಚಿದ ಪದರದ ಮೇಲೆ ಎಣ್ಣೆ ಕಡಿಮೆಯಿರುವ ಪದರ ಕೂತರೆ, ಮೇಲಿನದು ಮೊದಲು ಒಣಗಿ ಗಟ್ಟಿಯಾಗುತ್ತದೆ. ಕೆಳಗಿನದು ಇನ್ನೂ ಮಿಸುಕುತ್ತಿರುವುದರಿಂದ ಮೇಲೆ ಬಿರುಕು ಬಿಡುತ್ತದೆ. ಕಂದು, ಗಾಢ ಭಾಗಗಳು ಒಣಗಿ ಹೊಳಪು ಕಳೆದುಕೊಂಡರೆ ಬಣ್ಣ ಕೆಟ್ಟಿದೆಯೆಂದು ಮತ್ತೆ ಬಳಿಯಬೇಡಿ. ಮುಟ್ಟಿದರೆ ಅಂಟದಷ್ಟು ಒಣಗಿದ ಮೇಲೆ ಒಂದೆರಡು ಹನಿ ಅಗಸೆ ಎಣ್ಣೆಯನ್ನು ಬಟ್ಟೆಯಿಂದ ಸವರಿ, ಹೆಚ್ಚಾದದ್ದನ್ನು ಪೂರ್ತಿ ಒರೆಸಿದರೆ ಮೊದಲಿನ ಗಾಢತೆ ಮರಳುತ್ತದೆ.

ಪ್ರತಿಬಿಂಬ ನನಗೆ ಬಹಳ ಪ್ರಿಯವಾದ ಭಾಗ. ಅದು ದೋಣಿಯ ಚಿತ್ರವನ್ನು ಮಡಚಿ ಒತ್ತಿದ ಅಚ್ಚಲ್ಲ. ಮೇಲಿನಿಂದ ನೋಡುವಾಗ ನಮಗೆ ಕಾಣುವ ದೋಣಿಯ ಒಳಭಾಗ, ಹಲಗೆ, ಹಗ್ಗದ ಸುರುಳಿ ನೀರಿನಲ್ಲಿ ಕಾಣುವುದಿಲ್ಲ. ಕಾಣುವುದು ಪಕ್ಕೆ ಮಾತ್ರ. ನಮ್ಮ ಕಡೆ ವಾಲಿದ ಹಾಯಿಕಂಬದ ಬಿಂಬ ಕಂಬಕ್ಕಿಂತ ಉದ್ದ, ಆಚೆ ವಾಲಿದ್ದರೆ ಗಿಡ್ಡ. ತಿಳಿ ಬಣ್ಣದ ಬಿಂಬ ಸಾಮಾನ್ಯವಾಗಿ ಒಂದು ಮಟ್ಟ ಗಾಢ, ಗಾಢ ಬಣ್ಣದ್ದು ಒಂದು ಮಟ್ಟ ತಿಳಿ. ಬಣ್ಣವನ್ನು ನೆಟ್ಟಗೆ ಕೆಳಗೆಳೆದು, ಹಸಿಯಿರುವಾಗಲೇ ಒಣಗಿದ ಚಪ್ಪಟೆ ಕುಂಚವನ್ನು ಅಡ್ಡಲಾಗಿ ನಾಲ್ಕೈದು ಸಲ ಆಡಿಸಿ ಬಿಡುತ್ತೇನೆ. ಹೆಚ್ಚು ತೀಡಿದರೆ ನೀರು ಕೆಸರಾಗುತ್ತದೆ. ಆಗ ಚಾಕುವಿನಿಂದ ಕೆರೆದು ಮತ್ತೆ ಶುರುಮಾಡುವುದೇ ವಾಸಿ. ದೋಣಿ ನೀರು ಮುಟ್ಟುವ ಗೆರೆ ಉದ್ದಕ್ಕೂ ಚೂಪಾಗಿದ್ದರೆ ದೋಣಿ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ. ಅಲ್ಲಲ್ಲಿ ಪಕ್ಕೆಯ ಬಣ್ಣ ಬಿಂಬದೊಳಗೆ ಕರಗಬೇಕು.

ಹಗ್ಗಗಳು ಕೊನೆಗೆ. ಇದಕ್ಕಿರುವ ಉದ್ದ ಕೂದಲಿನ ಕುಂಚದ ಹೆಸರೇ ರಿಗ್ಗರ್, ಹಡಗಿನ ಹಗ್ಗ ಬರೆಯುವ ಕೆಲಸದಿಂದಲೇ ಬಂದದ್ದು. ಬಣ್ಣ ಶಾಯಿಯಷ್ಟು ತೆಳುವಾಗಿರಲಿ, ಚಲನೆ ಮಣಿಕಟ್ಟಿನದ್ದಲ್ಲ, ತೋಳಿನದ್ದಾಗಿರಲಿ. ಗೆರೆ ನಡುವೆ ತುಂಡಾದರೆ ಹಾಗೇ ಬಿಡಿ, ಕಣ್ಣು ಅದನ್ನು ಕೂಡಿಸಿಕೊಳ್ಳುತ್ತದೆ.

ಎಣ್ಣೆ ಹತ್ತಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆಯಬಾರದು. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟಿ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಬಿಡಿಬಿಡಿಯಾಗಿ ಹರವಿ ಒಣಗಿಸಬೇಕು, ಇಲ್ಲವೇ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ನೀರು ತುಂಬಿ ಮುಳುಗಿಸಿಡಬೇಕು. ಚಿತ್ರಕ್ಕೆ ವಾರ್ನಿಷ್ ಹಚ್ಚಲು ಆರು ತಿಂಗಳು, ಬಣ್ಣ ದಪ್ಪವಿದ್ದರೆ ಒಂದು ವರ್ಷ ಕಾಯುತ್ತೇನೆ. ಅಷ್ಟು ದಿನ ಗೋಡೆಗೆ ಮುಖಮಾಡಿ ಇಡುವುದಿಲ್ಲ. ಕತ್ತಲಲ್ಲಿ ಅಗಸೆ ಎಣ್ಣೆ ಹಳದಿಗಟ್ಟಿ ಬಿಳಿ ದೋಣಿ ಮಂಕಾಗುತ್ತದೆ. ಹಾಗಾದರೆ ಕಿಟಕಿಯ ಬೆಳಕಿನಲ್ಲಿ ಕೆಲವು ದಿನ ನಿಲ್ಲಿಸಿ, ಆ ಹಳದಿ ಬಹುಮಟ್ಟಿಗೆ ಇಳಿಯುತ್ತದೆ.