ಹಳೇ ಜಾಹೀರಾತಿನಲ್ಲಿ ಉಳಿದುಹೋಗಿದ್ದ ನನ್ನ ನಂಬರ್

ಗೊತ್ತಿಲ್ಲದವರ ಕರೆಗಳು ಜಾಸ್ತಿಯಾದಾಗ, ನನ್ನ ಫೋನ್ ನಂಬರಿಗೆ ಕೊಟೇಶನ್ ಮಾರ್ಕ್ ಹಾಕಿ ಗೂಗಲ್‌ನಲ್ಲಿ ಹುಡುಕಿದೆ. ಎಂದೋ ಕುರ್ಚಿ ಮಾರಲು ಹಾಕಿದ್ದ ಜಾಹೀರಾತು ಸಿಕ್ಕಿತು. ಹೆಸರು, ನಂಬರ್, ಮನೆ ವಿಳಾಸ ಎಲ್ಲ ಹಾಗೇ ಇತ್ತು. ಎದೆ ಧಸಕ್ ಎಂದಿತು.

ಜಾಹೀರಾತು ಹಾಕಿದ್ದ ಆ ಸೈಟಿನ ಪಾಸ್‌ವರ್ಡ್ ಮರೆತಿತ್ತು. ಹಳೇ ಇಮೇಲ್ ಮೂಲಕ ಬದಲಿಸಿ ಒಳಹೊಕ್ಕೆ. ಮೊದಲು ವಿವರಗಳನ್ನು ಅಳಿಸಿದೆ, ಆಮೇಲೆ ಖಾತೆಯನ್ನೇ ಡಿಲೀಟ್ ಮಾಡಿದೆ. ಸುಮ್ನೆ ಆ್ಯಪ್ ತೆಗೆದರೆ ಖಾತೆ ಹೋಗುವುದಿಲ್ಲ.

ಆದರೂ ಹುಡುಕಿದರೆ ನಂಬರ್ ಕಾಣುತ್ತಲೇ ಇತ್ತು! ಪುಟ ಅಳಿದರೂ ಗೂಗಲ್ ಫಲಿತಾಂಶದಲ್ಲಿ ಹಳೇ ಸಾಲುಗಳು ಸ್ವಲ್ಪ ಕಾಲ ಉಳಿಯುತ್ತವೆ. ಹಳತಾದ ಮಾಹಿತಿ ತೆಗೆಸಲು ಗೂಗಲ್‌ನಲ್ಲೇ ಒಂದು ಫಾರ್ಮ್ ಇದೆ. ಪುಟದ ಲಿಂಕ್ ಹಾಕಿ ಕಳಿಸಿದೆ, ಕೆಲವೇ ದಿನಗಳಲ್ಲಿ ಮಾಯವಾಯಿತು.

ಕರೆಗಳು ಕಡಿಮೆಯಾಗಿವೆ, ಪೂರ್ತಿ ನಿಂತಿಲ್ಲ. ನಂಬರ್ ಆಗಲೇ ಯಾರ್ಯಾರದೋ ಕೈ ಸೇರಿತ್ತಲ್ವಾ.