ಕೊರಿಂಥದವರ ಪತ್ರಿಕೆಯನ್ನು ಕಲಿಸುತ್ತಾ ನಾನು ನಡೆಸುತ್ತಿದ್ದ ದಾವೆ

ಕರಾವಳಿಯ ಒಂದು ಸಿ.ಎಸ್.ಐ. (ದಕ್ಷಿಣ ಭಾರತ ಸಭೆ ಎಂಬ ಕ್ರೈಸ್ತ ಸಭೆ) ಸಭೆಯಲ್ಲಿ ಗುರುವಾರ ಸಂಜೆಯ ಸತ್ಯವೇದ ಅಧ್ಯಯನವನ್ನು ನಾನು ಹದಿನೆಂಟು ವರ್ಷಗಳಿಂದ ನಡೆಸುತ್ತಾ ಬಂದಿದ್ದೇನೆ. 2015ರ ಮಳೆಗಾಲದಲ್ಲಿ ಅಪೊಸ್ತಲನಾದ ಪೌಲನು ಗ್ರೀಸಿನ ಕೊರಿಂಥ ಪಟ್ಟಣದ ವಿಶ್ವಾಸಿಗಳಿಗೆ ಬರೆದ ಮೊದಲನೆಯ ಪತ್ರಿಕೆಯನ್ನು ಕೈಗೆತ್ತಿಕೊಂಡೆವು. ಅದೇ ವೇಳೆಗೆ, ಒಡಹುಟ್ಟಿದ ತಮ್ಮನ ಮೇಲೆ ನಾನು ಸಿವಿಲ್ ನ್ಯಾಯಾಲಯದಲ್ಲಿ ಹೂಡಿದ್ದ ಪಾಲಿನ ದಾವೆ ಎರಡನೆಯ ವರ್ಷಕ್ಕೆ ಕಾಲಿಟ್ಟಿತ್ತು. ಈ ಎರಡು ಕೆಲಸಗಳೂ ಒಂದಕ್ಕೊಂದು ತಾಗದಂತೆ ಒಬ್ಬನೇ ಮನುಷ್ಯನಲ್ಲಿ ಹೇಗೆ ನಡೆದುಕೊಂಡು ಹೋಗುತ್ತಿದ್ದವು, ಕೊನೆಗೆ ತಾಗಿದಾಗ ನಾನು ಏನು ಮಾಡಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಸಭೆಯ ಬೆಂಚಿನಲ್ಲಿ ಅಕ್ಕಪಕ್ಕ ಕುಳಿತು, ವಾಯಿದೆಯ ದಿನ ನ್ಯಾಯಾಲಯದ ಜಗಲಿಯಲ್ಲಿ ಎದುರುಬದುರಾಗುವ ಕುಟುಂಬಗಳು ನಮ್ಮಲ್ಲಿ ಇನ್ನೂ ಇವೆ. ಅವರಲ್ಲಿ ಒಬ್ಬರಿಗಾದರೂ ಇದರಿಂದ ಪ್ರಯೋಜನವಾದರೆ ನನಗೆ ಸಂತೋಷ.

ಆ ಪತ್ರಿಕೆಯ ಮೂರನೆಯ ಅಧ್ಯಾಯದ ಆರಂಭದಲ್ಲಿ ಪೌಲನು ಕೊರಿಂಥದ ವಿಶ್ವಾಸಿಗಳನ್ನು ಪ್ರಾಪಂಚಿಕರು ಎನ್ನುತ್ತಾನೆ. ಅವರು ಕ್ರಿಸ್ತನಲ್ಲಿ ಇನ್ನೂ ಎಳೆಗೂಸುಗಳು, ಗಟ್ಟಿಯಾದ ಆಹಾರ ಅವರಿಗೆ ಜೀರ್ಣವಾಗದು, ಆದ್ದರಿಂದ ಹಾಲನ್ನೇ ಕುಡಿಸಬೇಕಾಯಿತು ಎಂದು ವಿವರಿಸುತ್ತಾನೆ. ‘ಪ್ರಾಪಂಚಿಕ’ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನನ್ನಂತೆ ಬೆಳೆದವರ ಕಣ್ಣ ಮುಂದೆ ಒಂದು ಪಟ್ಟಿ ತಾನಾಗಿಯೇ ಮೂಡುತ್ತದೆ: ಸಿನಿಮಾ, ಸಿಗರೇಟು, ಮದ್ಯ, ಮೈತುಂಬ ಬಂಗಾರ, ಮದುವೆಯ ಮನೆಯಲ್ಲಿ ಡಿ.ಜೆ. ಆ ಸಂಜೆಯೂ ನಾನು ಅದೇ ಪಟ್ಟಿಯನ್ನು ಹಿಡಿದು ಅರ್ಧ ಗಂಟೆ ಮಾತಾಡಿದೆ. ಮಾತು ಮುಗಿದಾಗ ಹಿಂದಿನ ಸಾಲಿನಲ್ಲಿದ್ದ, ಆಗ ಪಿ.ಯು.ಸಿ. ಓದುತ್ತಿದ್ದ ಹುಡುಗಿಯೊಬ್ಬಳು ಪುಸ್ತಕದ ಮೇಲೆ ಬೆರಳಿಟ್ಟುಕೊಂಡು ಕೇಳಿದಳು: “ದೊಡ್ಡಪ್ಪ, ಮೂರನೆಯ ವಚನದಲ್ಲಿ ಸಿನಿಮಾದ ವಿಷಯ ಇಲ್ಲವಲ್ಲ? ಹೊಟ್ಟೆಕಿಚ್ಚು, ಜಗಳ ಎಂದಿದೆಯಲ್ಲ?”

ಅವಳು ನನ್ನ ತಮ್ಮನ ಮಗಳು. ಅದು ಮುಂದಿನ ವಾರದ ಪಾಠ ಎಂದು ಹೇಳಿ ನಾನು ಪ್ರಾರ್ಥನೆಗೆ ತಲೆ ಬಾಗಿಸಿದೆ. ಮುಂದಿನ ವಾರದಿಂದ ಅವಳು ಬರಲಿಲ್ಲ.

ಅವಳು ಕೇಳಿದ್ದು ಸರಿಯಾಗಿತ್ತು. ದೇವಶಾಸ್ತ್ರ ಓದಿದ ಸಭಾಪಾಲಕರೊಬ್ಬರನ್ನು ವಿಚಾರಿಸಿದಾಗ, ಅಲ್ಲಿನ ಗ್ರೀಕ್ ಪದಕ್ಕೂ ಪ್ರಪಂಚ ಎಂಬ ಅರ್ಥದ ಪದಕ್ಕೂ ನೇರವಾದ ಸಂಬಂಧವಿಲ್ಲವೆಂದೂ, ಅದು ಮಾಂಸ ಅಥವಾ ಶರೀರ ಎಂದು ಅರ್ಥ ಕೊಡುವ ‘ಸಾರ್ಕ್ಸ್’ ಎಂಬ ಪದದಿಂದ ಬಂದಿದೆಯೆಂದೂ ತಿಳಿಸಿದರು. ಅಂದಮೇಲೆ ಪ್ರಾಪಂಚಿಕತೆಯು ಹೊರಗಿನ ಪ್ರಪಂಚದಿಂದ ಸಭೆಯೊಳಕ್ಕೆ ನುಸುಳುವ ವಸ್ತುವೆಂದು ಭಾವಿಸಿ ಬಾಗಿಲು ಕಾಯುವುದರಲ್ಲಿ ಅರ್ಥವಿಲ್ಲ. ಅದನ್ನು ನಾವು ಮೈಯೊಳಗೆ ಹೊತ್ತುಕೊಂಡೇ ಬಂದಿರುತ್ತೇವೆ. ಗಲಾತ್ಯದವರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ ಶರೀರಭಾವದ ಕರ್ಮಗಳ ಪಟ್ಟಿಯಿದೆ. ಅವರು ಗ್ರೀಕ್ ಪಠ್ಯವನ್ನು ಮುಂದಿಟ್ಟುಕೊಂಡು ಒಂದೊಂದಾಗಿ ಎಣಿಸಿ ತೋರಿಸಿದರು: ಒಟ್ಟು 15. ಅವುಗಳಲ್ಲಿ ಹಗೆತನ, ಜಗಳ, ಹೊಟ್ಟೆಕಿಚ್ಚು, ಸಿಟ್ಟು, ಸ್ವಾರ್ಥದ ಪೈಪೋಟಿ, ಒಡಕು, ಪಂಗಡ, ಮತ್ಸರ ಎಂಬ 8 ಮನುಷ್ಯರು ಒಬ್ಬರಿಗೊಬ್ಬರು ಮಾಡುವಂಥವು. ಕುಡಿತ ಆ ಪಟ್ಟಿಯ ಕೊನೆಯ ಭಾಗದಲ್ಲಿ ಬರುತ್ತದೆ. ನಾನು ಜೀವನದಲ್ಲಿ ಒಂದು ತೊಟ್ಟು ಮದ್ಯವನ್ನೂ ಮುಟ್ಟಿದವನಲ್ಲ, ಅದರಿಂದಾಗಿ ನನ್ನನ್ನು ಆತ್ಮಿಕನೆಂದು ಎಲ್ಲರೂ ನಂಬಿದ್ದರು, ನಾನೂ ನಂಬಿದ್ದೆ.

ದಾವೆಯ ವಿಷಯ ಹೇಳಬೇಕು. ನಮ್ಮ ತಂದೆ ಬಿಟ್ಟುಹೋದದ್ದು 12 ಸೆಂಟ್ಸ್ ಜಾಗ, ಅದರಲ್ಲಿ ಅಜ್ಜನ ಕಾಲದ ಒಂದು ಹೆಂಚಿನ ಮನೆ, ಒಂದು ಬಾವಿ, ಎಂಟು ತೆಂಗಿನ ಮರ. ಮಾಡಿನ ಹೆಂಚು ಕೆಲವನ್ನು ಕೆಳಗಿಳಿಸಿ ನೋಡಿದರೆ ಹಿಂಬದಿಯಲ್ಲಿ ಬಾಸೆಲ್ ಮಿಶನ್ ಕಾರ್ಖಾನೆಯ ಮುದ್ರೆಯೂ 1865 ಎಂಬ ಇಸವಿಯೂ ಇವೆ. ಅದು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಆರಂಭವಾದ ವರ್ಷ. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಶನ್ನಿನಿಂದಲೇ ನಮ್ಮ ಮನೆತನಕ್ಕೆ ಸುವಾರ್ತೆಯೂ ಬಂತು, ತಲೆಯ ಮೇಲಿನ ಮಾಡೂ ಬಂತು. ತಂದೆ ಉಯಿಲು ಬರೆದಿರಲಿಲ್ಲ, ತಾಯಿ ಮೊದಲೇ ತೀರಿಕೊಂಡಿದ್ದರು. ನಾನು ಮಾಸ್ತರನ ಕೆಲಸದಲ್ಲಿ ಬೇರೆ ಊರುಗಳಲ್ಲಿದ್ದೆ, ತಮ್ಮ ಮನೆಯಲ್ಲೇ ಉಳಿದಿದ್ದ. ನಾನು ನಿವೃತ್ತನಾಗಿ ಬರುವಷ್ಟರಲ್ಲಿ ಅವನು ಬಾವಿಯನ್ನೂ ಮುಂದಿನ ಅಂಗಳವನ್ನೂ ಸೇರಿಸಿಕೊಂಡು ಕಾಂಪೌಂಡ್ ಗೋಡೆ ಎಬ್ಬಿಸಿದ್ದ. ಮಾತಿಗೆ ಮಾತು ಬೆಳೆಯಿತು, 2014ರಲ್ಲಿ ನಾನು ವಕೀಲರ ಬಳಿಗೆ ಹೋದೆ. ನ್ಯಾಯ ನನ್ನ ಕಡೆಗಿತ್ತು ಎಂದು ಈಗಲೂ ಹೇಳುತ್ತೇನೆ. ಆದರೆ ನ್ಯಾಯ ನನ್ನ ಕಡೆಗಿದೆ ಎಂಬ ಅರಿವು ನನ್ನನ್ನು ಎಂಥವನನ್ನಾಗಿ ಮಾಡಿತು ಎಂಬುದನ್ನು ನೋಡಲು ನನಗೆ ಎರಡು ವರ್ಷ ಬೇಕಾಯಿತು.

ಅಧ್ಯಯನದಲ್ಲಿ ಆರನೆಯ ಅಧ್ಯಾಯ ಬಂದಾಗ ಮೊದಲ ಎಂಟು ವಚನಗಳನ್ನು ನಾನು ಹತ್ತು ನಿಮಿಷಗಳಲ್ಲಿ ಮುಗಿಸಿದೆ. ಸಹೋದರನು ಸಹೋದರನ ಮೇಲೆ ವ್ಯಾಜ್ಯ ಹೂಡುವುದೇ ನಿಮಗೆ ಸೋಲು, ಅದಕ್ಕಿಂತ ಅನ್ಯಾಯವನ್ನು ಯಾಕೆ ಸಹಿಸಬಾರದು ಎಂದು ಪೌಲನು ಕೇಳುವುದು ಅಲ್ಲಿಯೇ. ಕೊರಿಂಥದ ಇತಿಹಾಸವನ್ನು ಮಾತ್ರ ವಿಸ್ತಾರವಾಗಿ ಹೇಳಿದೆ. ಕ್ರಿ.ಪೂ. 146ರಲ್ಲಿ ರೋಮನರು ನೆಲಸಮ ಮಾಡಿದ ಆ ಪಟ್ಟಣವನ್ನು ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರನು ರೋಮನ್ ವಸಾಹತುವಾಗಿ ಮತ್ತೆ ಕಟ್ಟಿಸಲು ತೊಡಗಿದ. ಎಲ್ಲೆಲ್ಲಿಂದಲೋ ಬಂದು ನೆಲೆಸಿ, ವ್ಯಾಪಾರದಲ್ಲಿ ಮೇಲಕ್ಕೇರಿ, ತಮ್ಮ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿಕೊಳ್ಳಲು ಹಾತೊರೆಯುವವರ ಊರು ಅದು. ನ್ಯಾಯಪೀಠವಿದ್ದದ್ದು ಪೇಟೆಯ ನಡುವಿನಲ್ಲಿ, ಎಲ್ಲರ ಕಣ್ಣೆದುರು. ಅದರ ಅವಶೇಷ ಇಂದಿಗೂ ಇದೆ. ಪೌಲನನ್ನೂ ಅದೇ ಊರಿನಲ್ಲಿ ಅಧಿಪತಿ ಗಲ್ಲಿಯೋನ ನ್ಯಾಯಪೀಠದ ಮುಂದೆ ಎಳೆದು ತಂದಿದ್ದರು. ಅಲ್ಲಿ ವ್ಯಾಜ್ಯವೆಂದರೆ ಎದುರಾಳಿಯ ಮಾನ ಕಳೆದು ತನ್ನ ಮಾನ ಹೆಚ್ಚಿಸಿಕೊಳ್ಳುವ ಉಪಾಯವೂ ಆಗಿತ್ತು. ಇಷ್ಟನ್ನೂ ನಾನು ಚೆನ್ನಾಗಿಯೇ ಪಾಠ ಮಾಡಿದೆ. ಎದುರಿಗೆ ಕುಳಿತಿದ್ದ ಇಪ್ಪತ್ತು ಮಂದಿಗೂ ನನ್ನ ದಾವೆಯ ವಿಷಯ ಗೊತ್ತಿತ್ತು, ಒಬ್ಬರೂ ಒಂದು ಮಾತಾಡಲಿಲ್ಲ.

2016ರಲ್ಲಿ ಲೆಂಟ್ ಕಾಲದ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸಕಾಲದ, ಮೊದಲನೆಯ ಭಾನುವಾರ ಕರ್ತನ ಭೋಜನವಿತ್ತು, ಯೇಸುವಿನ ನೆನಪಿಗಾಗಿ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವ ಆರಾಧನೆ. ನಮ್ಮ ದಕ್ಷಿಣ ಭಾರತ ಸಭೆ 1947ರ ಸೆಪ್ಟೆಂಬರ್ 27ರಂದು ಒಂದಾಗಿ, 1950ರಲ್ಲಿ ತನ್ನದೇ ಆದ ಕರ್ತನ ಭೋಜನದ ಆರಾಧನಾ ಕ್ರಮವನ್ನು ಬಳಕೆಗೆ ತಂದಾಗ, ಆದಿಸಭೆಯ ಒಂದು ಪದ್ಧತಿಯನ್ನು ಮತ್ತೆ ಎತ್ತಿಕೊಂಡಿತು: ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವುದು. ಅದು ಕರ್ತನ ಮೇಜಿನ ಬಳಿ ಸಭಾಪಾಲಕರಿಂದ ಆರಂಭವಾಗಿ ಬೆಂಚಿನಿಂದ ಬೆಂಚಿಗೆ ಬರುತ್ತದೆ. ಕೊಡುವವರು ತಮ್ಮ ಬಲ ಅಂಗೈಯನ್ನು ಪಡೆಯುವವರ ಬಲ ಅಂಗೈಗೆ ತಾಗಿಸುತ್ತಾರೆ, ಇಬ್ಬರೂ ಎಡಗೈಯಿಂದ ಇನ್ನೊಬ್ಬರ ಬಲಗೈಯನ್ನು ಮುಚ್ಚುತ್ತಾರೆ. ಆ ದಿನ ತಡವಾಗಿ ಬಂದ ತಮ್ಮ, ಬೇರೆಡೆ ಜಾಗ ಸಾಲದೆ ನಮ್ಮ ಬೆಂಚಿನ ತುದಿಗೆ ಕುಳಿತ. ನಮ್ಮಿಬ್ಬರ ನಡುವೆ ಒಬ್ಬ ಎಂಟು ವರ್ಷದ ಹುಡುಗನಿದ್ದ. ಸಮಾಧಾನ ನನ್ನ ಕೈಗೆ ಬಂತು, ನಾನು ಹುಡುಗನಿಗೆ ಕೊಟ್ಟೆ, ಹುಡುಗ ಅವನ ಕಡೆಗೆ ತಿರುಗಿದ. ತಮ್ಮನ ಬಲಗೈ ಕಾಣಿಸಿತು. ಹೆಬ್ಬೆರಳಿನ ಉಗುರು ಕಪ್ಪುಗಟ್ಟಿ ಅರ್ಧ ಎದ್ದಿತ್ತು, ತೆಂಗಿನಕಾಯಿ ಸುಲಿಯುವಾಗ ಹಾರೆಗೆ ಸಿಕ್ಕಿರಬೇಕು. ಅವನಿಗೆ ಪೆಟ್ಟಾದದ್ದು ನನಗೆ ತಿಳಿದಿರಲಿಲ್ಲ. ನಡುವಿನಲ್ಲಿ ಆ ಮಗು ಕುಳಿತದ್ದಕ್ಕೆ ಒಂದು ಕ್ಷಣದ ಹಿಂದೆ ನಾನು ದೇವರಿಗೆ ಸ್ತೋತ್ರ ಹೇಳಿದ್ದೆ ಎಂಬುದು ಆಗ ನೆನಪಿಗೆ ಬಂದು, ರೊಟ್ಟಿಯನ್ನು ತೆಗೆದುಕೊಳ್ಳಲು ಏಳಲಾರದೆ ಹೋದೆ.

ಆ ರಾತ್ರಿ ಒಂದು ನೂರು ಪುಟದ ಪುಸ್ತಕವನ್ನು ತೆಗೆದುಕೊಂಡು, ಲೆಂಟ್ ಮುಗಿಯುವ ತನಕ ಒಂದೇ ಒಂದು ಸಂಗತಿಯನ್ನು ಬರೆಯಬೇಕೆಂದು ನಿಶ್ಚಯಿಸಿದೆ: ಇಂದು ಯಾರ ವಿಷಯವನ್ನು ಅವರಿಲ್ಲದಾಗ ಮಾತಾಡಿದೆ, ಕೇಳಿದವರು ಅವರ ಬಗ್ಗೆ ಏನು ಎಣಿಸಲಿ ಎಂದು ಮಾತಾಡಿದೆ. ಮಾಂಸ ಬಿಡುವ, ಚಹಾ ಬಿಡುವ ವ್ರತವನ್ನು ಆ ವರ್ಷ ಮಾಡಲಿಲ್ಲ. ಮೊದಲ ವಾರದಲ್ಲಿಯೇ ಹನ್ನೊಂದು ಸಲ ತಮ್ಮನ ಹೆಸರು ಬಂದಿತ್ತು. ಅವುಗಳಲ್ಲಿ ನಾಲ್ಕು ಪ್ರಾರ್ಥನೆಯ ರೂಪದಲ್ಲಿದ್ದವು. “ನನ್ನ ತಮ್ಮನ ಮನಸ್ಸು ಕರಗಲೆಂದು ಪ್ರಾರ್ಥಿಸಿರಿ” ಎಂದು ನಾನು ಮನೆಕೂಟಗಳಲ್ಲಿ ಕೇಳಿಕೊಳ್ಳುತ್ತಿದ್ದೆ. ಇದನ್ನು ನಮ್ಮ ಜನರು ಗಮನಿಸಬೇಕೆಂದು ಬೇಡಿಕೊಳ್ಳುತ್ತೇನೆ. ಪ್ರಾರ್ಥನಾ ವಿಜ್ಞಾಪನೆಯ ಹೆಸರಿನಲ್ಲಿ ಒಬ್ಬನ ದೋಷವನ್ನು ಹದಿನೈದು ಮನೆಗಳಿಗೆ ತಲಪಿಸುವುದು ನಮ್ಮ ಸಭೆಗಳಲ್ಲಿ ಬಹಳ ಸುಲಭ, ಮತ್ತು ಹಾಗೆ ಮಾಡುವವನಿಗೆ ತಾನು ಚಾಡಿ ಹೇಳುತ್ತಿದ್ದೇನೆಂದು ತಿಳಿಯುವುದೂ ಇಲ್ಲ. ಎರಡನೆಯ ವಾರದಿಂದ ಆ ವಿಜ್ಞಾಪನೆಯನ್ನು ನಿಲ್ಲಿಸಿದೆ. ಇಬ್ರಿಯರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯವು, ಗಟ್ಟಿಯಾದ ಆಹಾರ ತಿನ್ನಬಲ್ಲ ಪ್ರಾಯಸ್ಥರೆಂದರೆ ಒಳ್ಳೆಯದನ್ನೂ ಕೆಟ್ಟದ್ದನ್ನೂ ಅಭ್ಯಾಸದಿಂದ ಗುರುತಿಸಲು ಕಲಿತವರು ಎನ್ನುತ್ತದೆ. ಅಭ್ಯಾಸ ಎಂಬ ಮಾತಿನ ಅರ್ಥ ನನಗಾದದ್ದು ಆ ಪುಸ್ತಕದಿಂದ.

ನಾಲ್ಕನೆಯ ವಾರ ತಮ್ಮನ ಮನೆಗೆ ಹೋದೆ. ಕಂಕುಳಲ್ಲಿ ಸತ್ಯವೇದವನ್ನು ಇಟ್ಟುಕೊಂಡು ಹೋದದ್ದು ನಾನು ಮಾಡಿದ ತಪ್ಪು. ಅದನ್ನು ತೆರೆಯುವ ಮೊದಲೇ ಅವನು ಬಾಗಿಲಲ್ಲಿ ನಿಂತು, “ಉಪದೇಶವನ್ನು ಗುರುವಾರ ಮಾಡು” ಎಂದ. ಹಿಂದಿರುಗಿದೆ. ಎರಡನೆಯ ಸಲ ಬರಿಗೈಯಲ್ಲಿ ಹೋಗಿ, ಬಾವಿಕಟ್ಟೆಯ ಮೇಲೆ ಕುಳಿತು, ಉಗುರು ಹೇಗಿದೆ ಎಂದು ಕೇಳಿದೆ. ಅವನು ಮಾತಾಡತೊಡಗಿದಾಗ ತಂದೆಯ ಕೊನೆಯ ಎರಡು ವರ್ಷಗಳ ಕಥೆ ಹೊರಬಂತು: ಹಾಸಿಗೆಯಲ್ಲಿದ್ದ ಅವರನ್ನು ತಿರುಗಿಸಿ ಮಲಗಿಸಿದ್ದು, ರಾತ್ರಿ ಮೂರು ಬಾರಿ ಏಳುತ್ತಿದ್ದದ್ದು, ನಾನು ತಿಂಗಳಿಗೊಮ್ಮೆ ಬಂದು ಪ್ರಾರ್ಥಿಸಿ ಹೋಗುತ್ತಿದ್ದದ್ದು. ಗೋಡೆ ಕಟ್ಟಿದ್ದು ಸರಿಯೆಂದು ನಾನು ಒಪ್ಪಲಿಲ್ಲ, ಅವನೂ ತಪ್ಪೆಂದು ಹೇಳಲಿಲ್ಲ. ಆದರೆ ಏಳುವ ಮೊದಲು ಅವನು ಆಡಿದ ಒಂದು ಮಾತು ದಾವೆಯನ್ನೇ ತಲೆಕೆಳಗು ಮಾಡಿತು: “ನಾವಿಬ್ಬರೂ ಆರಾರು ಸೆಂಟ್ಸಿಗೆ ಹೊಡೆದಾಡುತ್ತಿದ್ದೇವಲ್ಲ, ಅಕ್ಕನದು ಎಲ್ಲಿ ಹೋಯಿತು?”

ಕ್ರೈಸ್ತರ ಆಸ್ತಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಲ್ಲಿ ಮಗನಿಗೂ ಮಗಳಿಗೂ ಸಮಪಾಲು. ತಂದೆ ತೀರಿಕೊಂಡ ವರ್ಷವೇ ನಾವು ಅಣ್ಣತಮ್ಮಂದಿರು ಒಂದಾಗಿ, ಮದುವೆಯಲ್ಲಿ ಅವಳಿಗೆ ಬಂಗಾರ ಹಾಕಿದ್ದೇವೆಂಬ ಮಾತು ಹೇಳಿ, ಅಕ್ಕನಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿದ್ದೆವು. ಅವಳು ಓದದೆ ಸಹಿ ಹಾಕಿದ್ದಳು. ಅದರ ಬಗ್ಗೆ ನನ್ನ ಮನಸ್ಸಾಕ್ಷಿ ಒಂದು ದಿನವೂ ಚುಚ್ಚಿರಲಿಲ್ಲ, ಏಕೆಂದರೆ ಊರಿನಲ್ಲಿ ಎಲ್ಲರೂ ಮಾಡುವುದು ಅದನ್ನೇ. ಪೌಲನು ಮೂರನೆಯ ಅಧ್ಯಾಯದಲ್ಲಿ, ನೀವು ಬರೀ ಮನುಷ್ಯರಂತೆ ನಡೆಯುತ್ತೀರಲ್ಲವೇ ಎಂದು ಕೇಳುವುದು ಇದನ್ನೇ ಎಂದು ಅಂದು ತಿಳಿಯಿತು. ಆರನೆಯ ಅಧ್ಯಾಯದಲ್ಲಿ ಅನ್ಯಾಯ ಸಹಿಸಿರಿ ಎಂದ ಮರುವಚನದಲ್ಲಿಯೇ, ಆದರೆ ನೀವೇ ಅನ್ಯಾಯ ಮಾಡುತ್ತೀರಿ, ಅದೂ ಸಹೋದರರಿಗೆ ಎನ್ನುತ್ತಾನೆ. ಹತ್ತು ನಿಮಿಷಗಳಲ್ಲಿ ನಾನು ಹಾರಿಸಿಬಿಟ್ಟದ್ದು ಆ ವಚನವನ್ನು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಅನ್ಯಾಯವನ್ನು ಸಹಿಸು ಎಂಬ ಈ ವಾಕ್ಯವನ್ನು ಹಿಡಿದು ಹೊಡೆತ ತಿನ್ನುವ ಹೆಂಡತಿಯನ್ನೂ, ಜಾತಿಯ ಕಾರಣಕ್ಕೆ ಸಭೆಯಲ್ಲಿ ಹಿಂದೆ ತಳ್ಳಲ್ಪಟ್ಟವರನ್ನೂ, ನನ್ನ ಅಕ್ಕನಂಥವರನ್ನೂ ಬಾಯಿ ಮುಚ್ಚಿಸುವುದನ್ನು ನಾನು ಕಂಡಿದ್ದೇನೆ. ಪೌಲನು ಅದನ್ನು ಹೇಳಿದ್ದು ವ್ಯಾಜ್ಯ ನಡೆಸಲು ಹಣವೂ ಬಲವೂ ಇದ್ದವರಿಗೆ. ಬಲವಿಲ್ಲದವರಿಗೆ ಆ ವಾಕ್ಯವನ್ನು ಓದಿ ಹೇಳುವವನು ಪೌಲನ ಪಕ್ಷದಲ್ಲಿಲ್ಲ. ನನಗೆ ಅದು ಅನ್ವಯಿಸುತ್ತಿತ್ತು, ಅಕ್ಕನಿಗೆ ಅನ್ವಯಿಸುತ್ತಿರಲಿಲ್ಲ.

ಮುಂದಿನದು ನಿಧಾನವಾಗಿ ನಡೆಯಿತು. ನೋಂದಣಿಯಾದ ಪತ್ರವನ್ನು ಹರಿದು ಹಾಕಿದರೆ ಸಾಲದು, ನೀವಿಬ್ಬರೂ ಅವಳ ಹೆಸರಿಗೆ ಎರಡೆರಡು ಸೆಂಟ್ಸ್ ಬರೆದುಕೊಡಬೇಕು ಎಂದು ವಕೀಲರು ವಿವರಿಸಿದರು. ದಾವೆಯನ್ನು 2017ರಲ್ಲಿ ಲೋಕ ಅದಾಲತ್ತಿನಲ್ಲಿ ರಾಜಿಯ ಮೂಲಕ ಮುಗಿಸಿದೆವು. ಅಲ್ಲಿ ಆದ ತೀರ್ಮಾನಕ್ಕೆ ಮೇಲ್ಮನವಿಯಿಲ್ಲ, ಕಟ್ಟಿದ ನ್ಯಾಯಾಲಯ ಶುಲ್ಕವೂ ಹಿಂದಿರುಗುತ್ತದೆ. ವಾಯಿದೆಗಳಲ್ಲಿ ಸವೆಯುತ್ತಿರುವ ಕುಟುಂಬಗಳು ಇದನ್ನು ತಿಳಿದಿರುವುದು ಒಳ್ಳೆಯದು. ಬಾವಿಗೆ ಮೂವರಿಗೂ ದಾರಿ ಇರಬೇಕೆಂದು ಬರೆಸಿದೆವು. ಗೋಡೆಯನ್ನು ಆರು ಅಡಿ ಅಗಲಕ್ಕೆ ಒಡೆಸಿದ್ದು ತಮ್ಮನೇ. ಅಕ್ಕನಲ್ಲಿ ಕ್ಷಮೆ ಕೇಳಲು ಇಬ್ಬರೂ ಒಟ್ಟಿಗೆ ಹೋದಾಗ ಅವಳು ಅಳಲಿಲ್ಲ, ಪತ್ರವನ್ನು ಈ ಸಲ ಓದಿಯೇ ತೆಗೆದುಕೊಳ್ಳುತ್ತೇನೆ ಎಂದಳು, ಕನ್ನಡಕ ಹಾಕಿಕೊಂಡು ಕೊನೆಯ ಸಾಲಿನ ತನಕ ಓದಿದಳು.

ಸಭಾ ಸಮಿತಿಯಿಂದ ನಾನು ಆ ವರ್ಷ ಹೊರಗೆ ಬಂದೆ. ಅಧ್ಯಯನವನ್ನು ಒಂದು ವರ್ಷ ಬೇರೊಬ್ಬರು ನಡೆಸಿದರು, ನಾನು ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದೆ. ಮತ್ತೆ ಪಾಠಕ್ಕೆ ನಿಂತಾಗ ಕೊರಿಂಥದವರ ಪತ್ರಿಕೆಯನ್ನೇ ಮೊದಲಿನಿಂದ ಎತ್ತಿಕೊಂಡು, ಆರನೆಯ ಅಧ್ಯಾಯಕ್ಕೆ ಮೂರು ಗುರುವಾರಗಳನ್ನು ಕೊಟ್ಟೆ, ಬಿಡುಗಡೆ ಪತ್ರದ ವಿಷಯವನ್ನು ಅಕ್ಕನ ಅನುಮತಿ ಪಡೆದು ಎಲ್ಲರ ಮುಂದೆ ಹೇಳಿದೆ. ಅದಾದ ಮೇಲೆ ಇಬ್ಬರು ಗಂಡಸರು ಬೇರೆ ಬೇರೆ ದಿನ ಮನೆಗೆ ಬಂದು, ತಮ್ಮ ತಂಗಿಯರ ಪಾಲಿನ ಬಗ್ಗೆ ಏನು ಮಾಡಬೇಕೆಂದು ವಿಚಾರಿಸಿದರು. ಪುಸ್ತಕವನ್ನು ಈಗಲೂ ಬರೆಯುತ್ತೇನೆ, ಇದು ಐದನೆಯದು. ತಮ್ಮನ ಹೆಸರು ಅದರಲ್ಲಿ ಅಪರೂಪ, ಬೇರೆ ಹೆಸರುಗಳು ಬರುತ್ತಲೇ ಇವೆ.

ತಮ್ಮನ ಮಗಳು ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಊರಿಗೆ ಬಂದಾಗ ಒಡೆದ ಗೋಡೆಯ ದಾರಿಯಿಂದ ನಮ್ಮ ಮನೆಗೆ ಬರುತ್ತಾಳೆ, ಊಟ ಮಾಡುತ್ತಾಳೆ, ಹೆಂಡತಿಯೊಡನೆ ಮಾತಾಡುತ್ತಾಳೆ. ಅವಳು ಕೇಳಿದ ಪ್ರಶ್ನೆಗೆ ಅಂದೇ ಉತ್ತರಿಸಬೇಕಿತ್ತು ಎಂದು ಅವಳಿಗೆ ಹೇಳಿದ್ದೇನೆ. ಗುರುವಾರದ ಅಧ್ಯಯನಕ್ಕೆ ಮಾತ್ರ ಅವಳು ಇನ್ನೂ ಬಂದಿಲ್ಲ, ನಾನೂ ಕರೆದಿಲ್ಲ.